ಮುರಿಯಬಾರದ ಕೀ

‘ಕೀ’ ಅನ್ನೋ ಇಂಗ್ಲಿಷ್ ಪದಕ್ಕೆ ಅರ್ಥ ಏನು ಅಂತ ನನಗೆ ಪಾಠ ಹೇಳಿದ್ದು ಗುಬ್ಬಿ ಹತ್ತಿರದ ಒಂದು ತೆಂಗಿನ ನಾರಿನ ಮಿಲ್ಲಿನ ಮ್ಯಾನೇಜರು. ಪಾಠ ನಡೆದದ್ದು ಮಿಲ್ಲಿನ ಅಂಗಳದಲ್ಲಿ, ಬೆಳಗ್ಗೆ ಹತ್ತೂವರೆಗೆ, ಹದಿನಾಲ್ಕು ಜನರ ಎದುರಿಗೆ. ಎಣಿಸಿದ್ದೆ. ಅವಮಾನ ಆದಾಗ ಕೆಲವರು ನೆಲ ನೋಡ್ತಾರೆ. ನಾನು ತಲೆ ಎಣಿಸಿದೆ.

ಲೇತ್ ಕೆಲಸ, ಅಂದರೆ ಕಬ್ಬಿಣ ಕಡೆಯೋ ಕೆಲಸ, ಗೊತ್ತಿಲ್ಲದವರಿಗೆ ಮೊದಲು ಇದನ್ನು ಹೇಳಿಬಿಡ್ತೀನಿ. ನಮ್ಮಲ್ಲಿ ಕೀ ಅಂದರೆ ಬೀಗದ ಕೈ ಅಲ್ಲ. ಶಾಫ್ಟ್ ಅಂದರೆ ತಿರುಗೋ ಕಬ್ಬಿಣದ ಕಂಬಿ. ಅದರ ಮೇಲೆ ಒಂದು ಗೇರ್, ಹಲ್ಲಿನ ಚಕ್ರ, ಕೂರಿಸಬೇಕು ಅಂದುಕೊಳ್ಳಿ. ಬರೀ ತೂರಿಸಿ ಬಿಟ್ಟರೆ ಗೇರ್ ಒಂದೇ ತಿರುಗುತ್ತೆ, ಶಾಫ್ಟ್ ನಿಂತಲ್ಲೇ ನಿಂತಿರುತ್ತೆ. ಅದಕ್ಕೆ ಶಾಫ್ಟಿನ ಮೈಮೇಲೆ ಉದ್ದಕ್ಕೆ ಒಂದು ಸ್ಲಾಟು ಕೊರೀತೀವಿ, ಸಣ್ಣ ಕಾಲುವೆ ಥರ. ಗೇರಿನ ತೂತಿನ ಒಳಗೂ ಅದಕ್ಕೆ ಎದುರಾಗಿ ಇನ್ನೊಂದು. ಎರಡೂ ಸೇರಿದಾಗ ಆಗೋ ಕಿಂಡಿಗೆ ಬಡಿದು ಕೂರಿಸೋ ಕಬ್ಬಿಣದ ತುಂಡೇ ಕೀ. ಆ ಮಿಲ್ಲಲ್ಲಿ ಸಿಪ್ಪೆ ಅರೆಯೋ ರೋಲರಿಗೆ ಬೇಕಾಗಿದ್ದದ್ದು ಇಪ್ಪತ್ತು ಎಂ.ಎಂ. ಅಗಲ, ಹನ್ನೆರಡು ದಪ್ಪ, ತೊಂಬತ್ತು ಉದ್ದ. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದು.

ಇನ್ನೊಂದು ಮಾತಿದೆ, ಈ ಕಥೆಯೆಲ್ಲ ಅದರ ಮೇಲೇ ನಿಂತಿರೋದು. ಕೀ ಯಾವತ್ತೂ ಶಾಫ್ಟಿಗಿಂತ ಮೆತ್ತಗಿರಬೇಕು. ರೋಲರಿಗೆ ಕಲ್ಲು ಸಿಕ್ಕಿ ಮಿಷಿನ್ ಗಕ್ಕನೆ ನಿಂತಾಗ ಮೋಟಾರು ಮಾತ್ರ ನಿಲ್ಲಲ್ಲ, ಎಳೀತಾನೇ ಇರುತ್ತೆ. ಆಗ ಏನಾದರೂ ಒಂದು ಮುರಿಯಲೇಬೇಕು. ಕೀ ಮುರಿದರೆ ಒಂದು ಗಂಟೆ ಕೆಲಸ. ಶಾಫ್ಟ್ ಮುರಿದರೆ ವಾರ. ಅದಕ್ಕೇ ಕೀಯನ್ನು ಸಾದಾ ಮೆತ್ತನೆ ಕಬ್ಬಿಣದಲ್ಲಿ ಮಾಡ್ತೀವಿ. ಇದನ್ನು ನನಗೆ ಯಾವ ಸ್ಕೂಲೂ ಹೇಳಿಕೊಡಲಿಲ್ಲ. ಏಳನೇ ಕ್ಲಾಸಿಗೆ ಬ್ಯಾಗು ಇಟ್ಟು ಅಮೃತೂರಿಂದ ತುಮಕೂರು ಬಸ್ಸು ಹತ್ತಿದವನು ನಾನು.

ಆ ತಿಂಗಳು ಮಿಲ್ಲಿಗೆ ನಾನು ಮಾಡಿಕೊಟ್ಟ ಕೀ ಎರಡು ಸಲ ಕತ್ತರಿಸಿ ಹೋಗಿತ್ತು. ತೆಂಗಿನ ಸಿಪ್ಪೆಯನ್ನು ನೆಲದ ಮೇಲೆ ಗುಡ್ಡೆ ಹಾಕಿ ಜೆಸಿಬಿಯಲ್ಲಿ ಬಾಚಿ ತುಂಬ್ತಿದ್ದರು. ಸಿಪ್ಪೆ ಜೊತೆ ಕಲ್ಲೂ ಬರೋದು. ತಪ್ಪು ಅಲ್ಲಿತ್ತು. ಆದರೆ ಮ್ಯಾನೇಜರು ಹೊಸಬರು, ಯಜಮಾನರ ಅಳಿಯ, ಬೆಂಗಳೂರಲ್ಲಿ ಬಿಸಿನೆಸ್ ಓದಿ ಬಂದವರು. ಮುರಿದ ಕೀಯ ನಾಲ್ಕು ತುಂಡನ್ನೂ ಒಂದು ಪೇಪರ್ ತಟ್ಟೆಯಲ್ಲಿ ಇಟ್ಟುಕೊಂಡು ನನ್ನನ್ನು ಕರೆಸಿದ್ದರು. ಸಿಪ್ಪೆ ಹಾಕೋ ಹೆಂಗಸರು, ಲೋಡಿಂಗ್‌ನವರು, ಎಲ್ಲರನ್ನೂ ನಿಲ್ಲಿಸಿದ್ದರು. ಮಿಲ್ಲಿನ ಫಿಟ್ಟರಣ್ಣನೂ ಇದ್ದ. ಇಪ್ಪತ್ತು ವರ್ಷದಿಂದ ಆ ಮಿಷಿನ್ ನೋಡಿಕೊಂಡವನು, ನನಗೆ ಅಣ್ಣನ ಥರ.

“ಇದೇನು?” ಅಂದರು ಮ್ಯಾನೇಜರು, ತಟ್ಟೆ ನನ್ನ ಮೂಗಿನ ಹತ್ತಿರ ತಂದು.

“ಕೀ ಸಾರ್.”

“ಕೀ ಅಂದ್ರೆ ಏನು?”

“ಶಾಫ್ಟಿಗೂ ಗೇರಿಗೂ ನಡುವೆ ಹಾಕೋದು ಸಾರ್.”

“ಅದಲ್ಲ ಕೇಳಿದ್ದು. ಆ ವರ್ಡಿಗೆ ಮೀನಿಂಗ್ ಏನು?”

ಉತ್ತರಕ್ಕೆ ಕಾಯದೆ ಅವರೇ ಮುಂದುವರಿಸಿದರು.

“ಕೀ ಅಂದ್ರೆ ಮುಖ್ಯವಾದದ್ದು. ಕೀ ಪಾಯಿಂಟ್ ಅಂತೀವಿ, ಕೀ ಪರ್ಸನ್ ಅಂತೀವಿ. ಯಾವುದಿಲ್ದೆ ಏನೂ ನಡೆಯಲ್ವೋ ಅದು ಕೀ. ಇಡೀ ಮಿಷಿನ್ನಿಗೆ ಮುಖ್ಯವಾದ ಪಾರ್ಟೇ ಹಿಂಗೆ ಬೆಣ್ಣೆ ಥರ ಕಟ್ಟಾದ್ರೆ ಹೆಂಗ್ರೀ?”

“ಅದು ಮುರೀಲಿ ಅಂತಾನೇ ಮಾಡೋದು ಸಾರ್.”

ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಜನರ ಕಡೆ ತಿರುಗಿದರು. “ಕೇಳಿದ್ರೇನ್ರಪ್ಪಾ? ಮುರೀಲಿ ಅಂತಾನೇ ಮಾಡ್ತಾರಂತೆ! ಮುರಿದ್ರೆ ತಾನೇ ತಿರ್ಗಾ ಇವರನ್ನ ಕರೆಯೋದು!”

ನಗು ಬಂತು. ಜೋರಾಗೇನೂ ಅಲ್ಲ. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು.

“ಎಷ್ಟನೇ ಕ್ಲಾಸ್ ಓದಿದೀರಾ?”

“ಏಳು.”

“ಹಂಗಾದ್ರೆ ನಿಮ್ದೇನೂ ತಪ್ಪಿಲ್ಲ ಬಿಡಿ. ನೋಡಿ, ಇಲ್ಲೇ ಬಿದರೆಹಳ್ಳ ಕಾವಲಲ್ಲಿ ಹೆಲಿಕಾಪ್ಟರ್ ಮಾಡ್ತಾರೆ. ನಿಮ್ಮ ಕೈಲಿ ಒಂದು ಮುರಿಯದಿರೋ ಕೀ ಮಾಡಕ್ಕಾಗಲ್ವಾ?”

ಫಿಟ್ಟರಣ್ಣ ಬಾಯಿ ತೆಗೆದ. “ಸಾರ್, ಅದು ಸಾಯಕ್ಕೆ ಅಂತಲೇ ಹುಟ್ಟಿರೋದು, ಅದು ಸತ್ರೆ ಬಾಕಿಯೆಲ್ಲ ಉಳಿಯುತ್ತೆ…”

“ನೀವು ಸುಮ್ನಿರ್ರೀ. ನೀವಿಬ್ರೂ ಒಂದೇ.”

ಗುಬ್ಬಿಯಿಂದ ತುಮಕೂರಿಗೆ ಬೈಕಲ್ಲಿ ಬರೋವಾಗ ದಾರಿ ಕಾಣಲಿಲ್ಲ. ಓದಿಲ್ಲ ಅಂದಿದ್ದರೆ ನುಂಗಿಕೊಳ್ತಿದ್ದೆ, ಅದು ನಿಜ. ಬೇಕಂತಲೇ ಮುರಿಯೋ ಸಾಮಾನು ಮಾಡ್ತೀನಿ ಅಂದದ್ದನ್ನು ನುಂಗಕ್ಕಾಗಲಿಲ್ಲ. ತುಮಕೂರಿನ ಶಿರಾ ಗೇಟಲ್ಲಿ ನನಗಿರೋದು ಒಂದು ಲೇತು, ಒಂದು ಶೇಪಿಂಗ್ ಮಿಷಿನ್ನು, ಒಂದು ಹೆಸರು. ಮೊದಲಿನ ಎರಡು ಕೆಟ್ಟರೆ ನಾನೇ ರಿಪೇರಿ ಮಾಡ್ಕೊಳ್ತೀನಿ.

ಹೆಸರು ಕೆಡಕ್ಕೆ ಒಂದು ವಾರವೂ ಬೇಕಾಗಲಿಲ್ಲ. ಅಂಗಳದಲ್ಲಿ ನಡೆದದ್ದನ್ನು ಯಾರೋ ಮೊಬೈಲಲ್ಲಿ ವಿಡಿಯೋ ಹಿಡಿದು ಹಂಚಿದ್ದರು. ಕುಣಿಗಲಿನ ಒಬ್ಬ ಅಕ್ಕಿ ಗಿರಣಿಯವನು, ನನ್ನ ಹಳೇ ಗಿರಾಕಿ, ಅಂಗಡಿಗೆ ಬಂದು ಸ್ಟೂಲು ಎಳ್ಕೊಂಡು ಕೂತ.

“ಏನಯ್ಯಾ, ಕೀ ಅಂದ್ರೆ ಮುಖ್ಯ ಅಂತೆ. ಗೊತ್ತಾ ನಿಂಗೆ?”

“ಯಾರಂದ್ರು?”

“ಎಲ್ರೂ ಅಂತವ್ರೆ. ಕುಣಿಗಲ್ ಬಸ್ ಸ್ಟ್ಯಾಂಡಲ್ಲಿ ಟೀ ಕುಡಿಯೋರೂ ಅಂತವ್ರೆ.” ನಕ್ಕ. ನಾನು ನಗಲಿಲ್ಲ. ಆಮೇಲೆ, “ನಮ್ದು ಆ ಭತ್ತ ಮೇಲಕ್ಕೆತ್ತೋ ಎಲಿವೇಟರ್ ಶಾಫ್ಟು ಇತ್ತಲ್ಲ, ಈ ಸಲ ಬೇರೆ ಕಡೆ ಕೊಟ್ಬುಟ್ಟೆ ಕಣಯ್ಯಾ. ತಪ್ಪು ತಿಳ್ಕೋಬ್ಯಾಡ,” ಅಂದ.

ಹತ್ತು ವರ್ಷ ನನ್ನ ಕೈಯಲ್ಲೇ ಮಾಡಿಸಿದವನು.

ಅದಾದ ಎರಡು ದಿನಕ್ಕೆ ಮಿಲ್ಲಿಂದ ಆರ್ಡರು ಬಂತು. ಗಟ್ಟಿ ಸ್ಟೀಲಲ್ಲಿ ಕೀ ಮಾಡಿ, ಹಾರ್ಡನಿಂಗ್ ಮಾಡಿಸಿ, ಅಂದರೆ ಕುಲುಮೆಯಲ್ಲಿ ಕಾಯಿಸಿ ಇನ್ನೂ ಗಡುಸು ಮಾಡಿಸಿ, ಕೊಡಬೇಕು ಅಂತ. ನಾನು ಆಗಲ್ಲ ಅನ್ನಬಹುದಿತ್ತು. ಇನ್ನೊಂದು ಸಲ ಕೂತು, ಚಿತ್ರ ಬರೆದು ಬಿಡಿಸಿ ಹೇಳಬಹುದಿತ್ತು. ಫಿಟ್ಟರಣ್ಣ ಫೋನಲ್ಲಿ ಬೇಡಿಕೊಂಡ: “ಮಾಡಬ್ಯಾಡ ಕಣೋ. ನೀನು ಮಾಡಲ್ಲ ಅಂದ್ರೆ ಬೇರೆಯವ್ರೂ ಯೋಚ್ನೆ ಮಾಡ್ತಾರೆ.”

“ಒಂದು ಸಲ ಹೇಳಿದೆ ಅಣ್ಣ, ಹದಿನಾಲ್ಕು ಜನದ ಮುಂದೆ. ಎರಡನೇ ಸಲ ನಾನು ಯಾರಿಗೂ ಹೇಳಲ್ಲ.”

“ನಿನ್ ಜಂಭಕ್ಕಿಷ್ಟು!” ಅಂದು ಫೋನಿಟ್ಟ.

ಮಾಡ್ತೀನಿ ಅಂತ ತೀರ್ಮಾನ ಮಾಡಿದ್ದು ಆಗಲೇ. ಆದರೆ ಬರವಣಿಗೆಯಲ್ಲಿ ಬೇಕು ಅಂತ ಮ್ಯಾನೇಜರಿಗೆ ಹೇಳಿ ಕಳಿಸಿದೆ. ಅವರು ಸಂತೋಷವಾಗಿ ಮಿಲ್ಲಿನ ಲೆಟರ್‌ಹೆಡ್ಡಲ್ಲಿ ಇಂಗ್ಲಿಷಲ್ಲಿ ಬರೆದು, ಕೆಳಗೆ ನನಗೋಸ್ಕರ ಕನ್ನಡದಲ್ಲೂ ಬರೆದರು: ‘ಯಾವುದೇ ಸಂದರ್ಭದಲ್ಲೂ ಕೀ ಮುರಿಯಬಾರದು.’ ಸಹಿ, ಸೀಲು. ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಟೂಲ್ ಬಾಕ್ಸಿನ ಮುಚ್ಚಳಕ್ಕೆ ಒಳಗಡೆಯಿಂದ ಅಂಟಿಸಿದೆ.

ಆಮೇಲೆ ಆ ಕೀ ಮಾಡಿದೆ. ಇಷ್ಟು ಶ್ರದ್ಧೆಯಿಂದ ನಾನು ಯಾವ ಸಾಮಾನೂ ಮಾಡಿರಲಿಲ್ಲ. ಇ.ಎನ್. ಇಪ್ಪತ್ನಾಲ್ಕು ಅನ್ನೋ ಸ್ಟೀಲು, ಮೋಟಾರ್ ಗಾಡಿಗಳ ಆಕ್ಸಲಿಗೆ ಹಾಕೋ ಅಂಥದ್ದು, ಅದರ ತುಂಡು ಹುಡುಕಿ ತಂದೆ. ಶೇಪಿಂಗ್ ಮಿಷಿನ್ನಲ್ಲಿ ನಾಲ್ಕು ಮೈಯೂ ಮಟ್ಟಸವಾಗಿ ಕೆತ್ತಿ, ಗ್ರೈಂಡಿಂಗಿಗೆ ಅಂತ ಕೂದಲೆಳೆಯಷ್ಟು ಉಳಿಸಿಕೊಂಡೆ. ಬೆಂಗಳೂರಿಗೆ ಕಳಿಸಿ ಹಾರ್ಡನಿಂಗ್ ಮಾಡಿಸಿದೆ. ವಾಪಸ್ ಬಂದಾಗ ಅರ ಉಜ್ಜಿ ನೋಡಿದೆ. ಗಾಜಿನ ಮೇಲೆ ಉಜ್ಜಿದ ಹಾಗೆ ಜಾರಿತು, ಒಂದು ಗೀರೂ ಬೀಳಲಿಲ್ಲ. ಗ್ರೈಂಡ್ ಮಾಡಿಸಿ, ಮಿಲ್ಲಿಗೆ ಹೋಗಿ, ತಾಮ್ರದ ಸುತ್ತಿಗೆಯಲ್ಲಿ ನಾಲ್ಕೇ ಪೆಟ್ಟಿಗೆ ಕೂರಿಸಿದೆ. ಫಿಟ್ಟರಣ್ಣ ಟಾರ್ಚ್ ಹಿಡಿದಿದ್ದ.

“ನೋಡಿ, ಹೇಳಿದ್ರೆ ಆಗುತ್ತೆ,” ಅಂದರು ಮ್ಯಾನೇಜರು.

“ಹೌದು ಸಾರ್,” ಅಂದೆ.

ಆಮೇಲೆ ಕಾದೆ. ಅಂಗಡಿಯಲ್ಲಿ ಕೆಲಸ ಮಾಡ್ತಾ ಫೋನನ್ನು ಲೇತಿನ ಮೇಲೇ ಇಟ್ಟುಕೊಳ್ತಿದ್ದೆ. ನಮ್ಮ ಮನೆಯವಳು ಒಂದು ದಿನ ಬುತ್ತಿ ತಂದವಳು, “ಯಾರ ಫೋನು ಕಾಯ್ತಿದ್ದೀರಾ ಹಿಂಗೆ, ಮದುವೆ ಗಂಡಿನ ಥರ?” ಅಂದಳು. “ಒಂದು ಒಳ್ಳೆ ಸುದ್ದಿ ಬರಬೇಕು,” ಅಂದೆ. ಸುಳ್ಳೇನೂ ಹೇಳಲಿಲ್ಲ. ಮಿಲ್ಲಿಗೆ ಕಲ್ಲು ಬರುತ್ತೆ, ಬಂದೇ ಬರುತ್ತೆ ಅಂತ ಗೊತ್ತಿತ್ತು. ದೊಡ್ಡದೇ ಬರಲಿ ಅಂತಿತ್ತು ಮನಸ್ಸು.

ಹದಿನೆಂಟನೇ ದಿನ ಬೆಳಗ್ಗೆ ಹನ್ನೊಂದಕ್ಕೆ ಫೋನು ಬಂತು. ಫಿಟ್ಟರಣ್ಣ ‘ಬಾ’ ಅಂತ ಒಂದೇ ಮಾತು ಹೇಳಿದ.

ಕಲ್ಲಲ್ಲ, ಗುದ್ದಲಿಯ ತಲೆ. ಸಿಪ್ಪೆ ಗುಡ್ಡೆಯಲ್ಲಿ ಯಾರೋ ಮರೆತಿದ್ದದ್ದು. ಎರಡು ರೋಲರುಗಳ ನಡುವೆ ಕಚ್ಚಿಕೊಂಡು ನಿಂತಿತ್ತು. ಶಾಫ್ಟು ಸ್ಲಾಟಿನ ಮೂಲೆಯಿಂದ ಓರೆಯಾಗಿ ಸೀಳಿ ಹೋಗಿತ್ತು, ಹಸಿ ಕಬ್ಬು ತಿರುಚಿದ ಹಾಗೆ. ಗೇರಿನ ಮೂರು ಹಲ್ಲು ನೆಲದ ಮೇಲೆ ಬಿದ್ದಿದ್ದವು. ಯಾರಿಗೂ ಪೆಟ್ಟಾಗಿರಲಿಲ್ಲ, ಅದನ್ನೇ ಮೊದಲು ಕೇಳಿದೆ. ಆಮೇಲೆ ಒಡೆದ ಗೇರಿನ ನಡುವಿಂದ ಕೀ ಹೊರಕ್ಕೆ ತೆಗೆದು, ಬಟ್ಟೆಯಲ್ಲಿ ಒರೆಸಿದೆ. ಅದರ ಮೂಲೆ ಕೂಡ ಸವೆದಿರಲಿಲ್ಲ. ಕೂರಿಸಿದ ದಿನ ಹೇಗಿತ್ತೋ ಹಾಗೇ.

ಮ್ಯಾನೇಜರು ಬಂದರು. ಮುಖ ಕೆಂಪಾಗಿತ್ತು. “ಏನ್ರೀ ಮಾಡಿದೀರಾ ನೀವು? ಕೀ ತಪ್ಪು ಮಾಡಿದೀರಾ!”

ಅಂಗಳದಲ್ಲಿ ಜನ ಸೇರಿದ್ದರು. ಎಣಿಸೋದು ಬೇಕಿರಲಿಲ್ಲ, ಆವತ್ತಿನವರೇ.

“ಕೀ ಮುರಿದಿಲ್ಲ ಸಾರ್. ತಗೊಳ್ಳಿ, ನೋಡಿ.” ಅಂಗೈ ಮೇಲೆ ಇಟ್ಟು ಹಿಡಿದೆ. “ನೀವು ಹೇಳಿದ ಹಾಗೇ ಮಾಡಿದೀನಿ. ಬಾಕಿಯೆಲ್ಲ ಮುರಿದಿದೆ, ಮುಖ್ಯವಾದದ್ದು ಮಾತ್ರ ಉಳಿದಿದೆ.”

ಟೂಲ್ ಬಾಕ್ಸಿನ ಮುಚ್ಚಳ ತೆರೆದು ಅಂಟಿಸಿದ್ದ ಕಾಗದ ತೋರಿಸಿದೆ. ಕನ್ನಡದಲ್ಲಿದ್ದ ಸಾಲನ್ನು ಜೋರಾಗಿ ಓದಿದೆ. ಏಳನೇ ಕ್ಲಾಸಿನ ಓದು ಅಷ್ಟಕ್ಕೆ ಸಾಕಾಯ್ತು. ಈ ಸಲ ಯಾರೂ ನಗಲಿಲ್ಲ. ನಗ್ತಾರೆ ಅಂದುಕೊಂಡಿದ್ದೆ.

ಬೈಕ್ ಹತ್ತೋವಾಗ ಸಿಪ್ಪೆ ಹಾಕೋ ಒಬ್ಬಳು ಹೆಂಗಸು ಊಟದ ಡಬ್ಬಿ ಹಿಡ್ಕೊಂಡು ಗೇಟಿನ ಹತ್ತಿರ ನಿಂತಿದ್ದಳು. “ನಾಳೆ ಕೆಲ್ಸ ಐತಾ ಅಣ್ಣಾ, ಬ್ಯಾಡ್ವಾ ಬರೋದು?” ಅಂದಳು. ಫಿಟ್ಟರಣ್ಣ ಹಿಂದೆ ಬಂದು ಹೇಳಿದ: “ಗೆದ್ದೆ ಬುಡು. ಈಗ ಕೂಲಿ ಕಳ್ಕೊಂಡಿರೋ ಇವ್ರಿಗೆಲ್ಲ ಯಾವ ಕೀ ಹಾಕ್ತೀಯ?”

ಅದು ನಾಟಿತು. ನಾಟಿದರೂ ನನ್ನ ಸಿಟ್ಟು ಇಳಿಯಲಿಲ್ಲ. ಕುಣಿಗಲ್ ಟೀ ಅಂಗಡಿಯವರಿಗೆ ಶಾಫ್ಟ್ ಮುರಿದದ್ದು ಕಾಣಲ್ಲ. ಅವರ ಮೊಬೈಲಲ್ಲಿ ನಾನು ಇನ್ನೂ ಮುರಿಯೋ ಕೀ ಮಾಡೋನೇ.

ಸಂಜೆ ಯಜಮಾನರೇ ಫೋನ್ ಮಾಡಿದರು. ವಯಸ್ಸಾದವರು, ಹಳೇ ಕಾಲದ ಮರ್ಯಾದೆ. “ಏನಪ್ಪಾ, ನಮ್ಮಳಿಯ ಏನೋ ಅಂದನಂತೆ. ಮನಸ್ಸಲ್ಲಿ ಇಟ್ಕೋಬೇಡ. ಗೇರು ಸ್ಪೇರ್ ಇದೆ. ಶಾಫ್ಟು ಎಷ್ಟು ದಿನಕ್ಕೆ ಮಾಡಿಕೊಡ್ತೀಯಾ?”

“ಎರಡು ದಿನ ಯಜಮಾನ್ರೇ. ಬೇರೆ ಎಲ್ಲಾ ಕೆಲಸ ಬದಿಗಿಟ್ಟು ಮಾಡ್ತೀನಿ.”

“ಬದುಕಿಸಿದೆ ಕಣಪ್ಪಾ.”

“ಕೀ ಮಾತ್ರ ನಾನು ಮಾಡಲ್ಲ.”

“ಮತ್ತೆ ಯಾರು ಮಾಡ್ತಾರೆ?”

“ಮ್ಯಾನೇಜರ್ ಸಾಹೇಬ್ರು. ನನ್ನ ಅಂಗಡಿಗೆ ಬಂದು, ಅವರ ಕೈಯಾರೆ, ಅರ ಹಿಡ್ಕೊಂಡು. ಮೆತ್ತನೆ ಕಬ್ಬಿಣ ನಾನು ಕೊಡ್ತೀನಿ. ಅವರು ಮಾಡಿದ ಕೀ ಕೂತರೆ ಶಾಫ್ಟು ಅಂಗಡಿಯಿಂದ ಹೊರಡುತ್ತೆ.”

ಕೋಪ ಬಂತೇನೋ ಅಂದುಕೊಂಡೆ. ಆ ಕಡೆಯಿಂದ ಕೆಮ್ಮಿನ ಥರ ಕೇಳಿಸಿತು. ಮುದುಕರು ನಗ್ತಿದ್ದರು. “ಬೆಳಗ್ಗೆ ಒಂಬತ್ತಕ್ಕೆ ಕಳಿಸ್ತೀನಿ,” ಅಂದರು.

ನಾನು ಆರಕ್ಕೇ ಲೇತ್ ಹಾಕಿದ್ದೆ. ಎಂಬತ್ತು ಎಂ.ಎಂ. ಕಂಬಿಯನ್ನು ಎಪ್ಪತ್ತಕ್ಕೆ ಇಳಿಸಬೇಕು, ಬೇರಿಂಗ್ ಕೂರೋ ಕಡೆ ಅರವತ್ತೈದಕ್ಕೆ. ಈ ಸಲ ಸ್ಲಾಟಿನ ಮೂಲೆಗಳನ್ನು ಚೂಪಾಗಿ ಬಿಡದೆ ಸ್ವಲ್ಪ ಗುಂಡಗೆ ಮಾಡೋಣ, ಸೀಳು ಅಲ್ಲಿಂದಲೇ ಶುರುವಾಗೋದು ಅಂತ ಲೆಕ್ಕ ಹಾಕ್ತಿದ್ದೆ. ಒಂಬತ್ತಕ್ಕೆ ಸರಿಯಾಗಿ ಕಾರು ಬಂತು. ಕುಣಿಗಲಿನ ಗಿರಣಿಯವನು ಅಷ್ಟರಲ್ಲೇ ಬಂದು ಸ್ಟೂಲ್ ಹಿಡಿದಿದ್ದ. ನಾನೇ ಫೋನ್ ಮಾಡಿದ್ದೆ, ಟೀ ಕುಡಿಯಕ್ಕೆ ಬಾ ಅಂತ.

“ಏನ್ ಕೊಡ್ತೀರಾ ಕೊಡಿ,” ಅಂದರು ಮ್ಯಾನೇಜರು, ತೋಳು ಮಡಿಸ್ತಾ.

“ಮೊದಲು ಫೈಲ್ ತಗೊಳ್ಳಿ ಸಾರ್.”

ಆಫೀಸಲ್ಲಿ ಅವರು ನೋಡ್ತಿದ್ದ ಫೈಲೇ ಬೇರೆ, ನಾನು ಕೈಗೆ ಕೊಟ್ಟ ಫೈಲೇ ಬೇರೆ. ಹದಿನಾಲ್ಕು ಇಂಚಿನ ಒರಟು ಅರ. ಗಿರಣಿಯವನಿಗೆ ಕೆಮ್ಮು ಬಂತು.

ಮೆತ್ತನೆ ಕಬ್ಬಿಣದ ತುಂಡನ್ನು ವೈಸಿನ ದವಡೆಗೆ ಕಚ್ಚಿಸಿದೆ. ಒಂದೊಂದು ಮೈಯಲ್ಲೂ ಅರ್ಧ ಎಂ.ಎಂ. ತೆಗೆಯಬೇಕು, ಅಷ್ಟೇ. “ಮುಂದಕ್ಕೆ ಹೋಗೋವಾಗ ಒತ್ತಿ, ಹಿಂದಕ್ಕೆ ಬರೋವಾಗ ಎತ್ತಿ. ಮೊಣಕೈ ಒಂದೇ ಮಟ್ಟದಲ್ಲಿರಲಿ,” ಅಂದೆ. ಇದು ಹೇಳಕ್ಕೆ ಅರ್ಧ ನಿಮಿಷ, ಕೈಗೆ ಬರಕ್ಕೆ ವರ್ಷ. ಹೊಸಬರು ಉಜ್ಜಿದರೆ ಎರಡು ತುದಿ ಸವೆದು ನಡುವೆ ಹೊಟ್ಟೆ ಬರುತ್ತೆ. ಅವರದ್ದೂ ಬಂತು. ಮಧ್ಯಾಹ್ನದ ಹೊತ್ತಿಗೆ ಮೊದಲನೇ ಕೀ ತಂದು ಕೊಟ್ಟರು. ಮಟ್ಟದ ಕಲ್ಲಿನ ಮೇಲೆ ಇಟ್ಟು ಬೆರಳಲ್ಲಿ ಒತ್ತಿದೆ. ತೊಟ್ಟಿಲ ಥರ ತೂಗಿತು.

“ಇದು ಮಗು ಮಲಗಿಸಕ್ಕೆ ಚೆನ್ನಾಗಿದೆ,” ಅಂದ ಗಿರಣಿಯವನು. ನಾನು ಗುಜರಿ ಡಬ್ಬಕ್ಕೆ ಎಸೆದೆ. ಸದ್ದು ಎಲ್ಲರಿಗೂ ಕೇಳಿಸೋ ಹಾಗೆ.

ಸಂಜೆ ಎರಡನೇದು. ಅಷ್ಟೊತ್ತಿಗೆ ಅವರ ಕೈಯಲ್ಲಿ ಬೊಬ್ಬೆ ಎದ್ದಿತ್ತು, ಕರ್ಚೀಫು ಸುತ್ತಿಕೊಂಡಿದ್ದರು. ನಾನು ಹೇಳದೇ ಇದ್ದರೂ ಉಜ್ಜೋದು, ಬೆಳಕಿಗೆ ಹಿಡಿಯೋದು, ತಿರ್ಗಾ ಉಜ್ಜೋದು ಮಾಡ್ತಿದ್ದರು. ಶಾಫ್ಟಲ್ಲಿ ಆಗಲೇ ಕೊರೆದಿದ್ದ ಸ್ಲಾಟಿಗೆ ನೀಲಿ ಬಣ್ಣ ಸವರಿ ಕೀ ಕೂರಿಸಿ ತೆಗೆದೆ. ಎಲ್ಲಿ ಉಬ್ಬಿದೆಯೋ ಅಲ್ಲಿ ಮಾತ್ರ ನೀಲಿ ಅಂಟುತ್ತೆ, ಮಟ್ಟಸವಾಗಿದ್ದರೆ ಎಲ್ಲಾ ಕಡೆ ಅಂಟುತ್ತೆ, ನೋಡೋದು ಅದನ್ನೇ. ಅವರು ಬಗ್ಗಿ ನನ್ನ ಮುಖ ನೋಡ್ತಿದ್ದರು, ರಿಸಲ್ಟ್ ಬೋರ್ಡ್ ನೋಡೋ ಹುಡುಗರ ಥರ.

“ಇಲ್ಲ ಸಾರ್,” ಅಂದೆ. ಅದನ್ನೂ ಎಸೆದೆ.

ಮಾರನೇ ದಿನ ಬರಲ್ಲ ಅಂದುಕೊಂಡಿದ್ದೆ. ಒಂಬತ್ತಕ್ಕೇ ಬಂದರು, ಕೈಗೆ ಬ್ಯಾಂಡೇಜು ಹಾಕಿಸಿಕೊಂಡು. ಶಾಫ್ಟು ಬೆಳಗ್ಗೆಯೇ ಮುಗಿದು ಎಣ್ಣೆ ಸವರಿಸಿಕೊಂಡು ಬೆಂಚಿನ ಮೇಲೆ ಮಲಗಿತ್ತು. ಮೂರನೇ ಕೀ ಮಧ್ಯಾಹ್ನ ಒಂದೂವರೆಗೆ ಮುಗಿಯಿತು. ಕೂರಿಸಿದೆ. ಕೂತಿತು.

“ಈಗ ಹೇಳಿ ಸಾರ್. ಕೀ ಅಂದ್ರೆ ಏನು?”

ಅವತ್ತೂ ಬಂದು ಕೂತಿದ್ದ ಗಿರಣಿಯವನು ಎದ್ದು ನಿಂತ. ಅವನ ಮೊಬೈಲು ಕೈಯಲ್ಲೇ ಇತ್ತು, ಅದನ್ನು ಮ್ಯಾನೇಜರೂ ನೋಡಿದರು, ನಾನೂ ನೋಡಿದೆ.

“ಮೊದಲು ಮುರಿಯೋದು,” ಅಂದರು.

“ಯಾಕೆ?”

“ಬೇರೆಯದು ಉಳೀಲಿ ಅಂತ.” ಮಡಿಸಿದ್ದ ತೋಳು ಇಳಿಸಿಕೊಳ್ತಾ, “ಆವತ್ತು ನೀವು ಹೇಳಿದ್ದು ಸರಿ ಇತ್ತು,” ಅಂದರು.

ಸಂಜೆ ಒಳಗೆ ಆ ವಿಡಿಯೋ ಕುಣಿಗಲ್ ಮುಟ್ಟಿತ್ತು. ಆ ವಾರವೇ ಗಿರಣಿಯವನ ಎಲಿವೇಟರ್ ಶಾಫ್ಟು ವಾಪಸ್ ಬಂತು, ಬೇರೆಯವರು ಅರ್ಧ ಮಾಡಿ ಕೆಡಿಸಿದ್ದದ್ದು. ಮ್ಯಾನೇಜರು ಮಿಲ್ಲಿನ ಅಂಗಳಕ್ಕೆ ಸಿಮೆಂಟ್ ಹಾಕಿಸಿದರು, ಸಿಪ್ಪೆ ಜೊತೆ ಕಲ್ಲು ಬರೋದು ಕಮ್ಮಿಯಾಯಿತು. ಈಗ ಸಿಕ್ಕರೆ ಅವರೇ ಮೊದಲು ನಮಸ್ಕಾರ ಅಂತಾರೆ. ನಾನೂ ಅಂತೀನಿ.

ಒಂದು ಮಾತು ಉಳಿದಿದೆ. ಎರಡನೇ ಕೀ ಸರಿಯಾಗಿತ್ತು. ನೀಲಿ ಎಲ್ಲಾ ಕಡೆ ಸಮನಾಗಿ ಅಂಟಿತ್ತು. ನಾನು ಮಾಡಿದ್ದರೂ ಅದಕ್ಕಿಂತ ಚೆನ್ನಾಗಿ ಮಾಡ್ತಿರಲಿಲ್ಲ. ಗೊತ್ತಿದ್ದೇ ‘ಇಲ್ಲ ಸಾರ್’ ಅಂದೆ, ಗೊತ್ತಿದ್ದೇ ಎಸೆದೆ. ಅದರಿಂದ ಮಿಲ್ಲು ಇನ್ನೂ ಅರ್ಧ ದಿನ ನಿಂತಿತು, ಆ ಹೆಂಗಸರ ಅರ್ಧ ದಿನದ ಕೂಲಿ ಹೋಯಿತು. ಅದೊಂದು ನನಗೆ ಸರಿ ಕಾಣಲ್ಲ. ಮ್ಯಾನೇಜರ ಕೈಯ ಬೊಬ್ಬೆ ಬಗ್ಗೆ ನನಗೇನೂ ಅನ್ನಿಸಲ್ಲ.

ಅವರು ಹೋದ ಮೇಲೆ ಡಬ್ಬದಿಂದ ಆ ಎರಡನೇ ಕೀಯನ್ನು ಹೆಕ್ಕಿ ತೆಗೆದಿಟ್ಟಿದ್ದೆ. ನಾಲ್ಕು ತಿಂಗಳಿಗೆ ಮೂರನೇದು ಮುರೀತು, ಮುರಿಯಬೇಕಾದ ಹಾಗೇ. ಶಾಫ್ಟಿಗೆ ಏನೂ ಆಗಿರಲಿಲ್ಲ. ಎರಡನೇದನ್ನು ಜೇಬಲ್ಲಿ ಹಾಕಿಕೊಂಡು ಹೋಗಿ ಫಿಟ್ಟರಣ್ಣನಿಗೆ ಕೊಟ್ಟೆ. ಅವನು ಅಂಗೈಯಲ್ಲೇ ತಳ್ಳಿದ, ಎರಡು ಪೆಟ್ಟು ಹಾಕಿದ, ಕೂತುಬಿಟ್ಟಿತು. ಆಫೀಸಿನ ಬಾಗಿಲು ತೆರೆದೇ ಇತ್ತು, ಮ್ಯಾನೇಜರು ಒಳಗೆ ಫೋನಲ್ಲಿದ್ದರು.

“ಇದು ನಿನ್ನ ಕೈ ಅಲ್ಲ,” ಅಂದ ಫಿಟ್ಟರಣ್ಣ, ಕಣ್ಣು ಕಿರಿದು ಮಾಡಿ. “ಯಾರು ಮಾಡಿದ್ದೋ?”

“ಯಾರೋ ಹೊಸಬರು.”

“ಒಳ್ಳೆ ಕೈ ಕಣೋ. ಅವರಿಗೆ ಹೇಳು, ಚೆನ್ನಾಗಿ ಮಾಡಿದಾರೆ ಅಂತ.”

“ಹೂಂ,” ಅಂದೆ. ಹೇಳಲಿಲ್ಲ.